ಉದ್ಯಾನದ ಡೇರೆ ಯಾವ ಸಮಿತಿಯ ಪಾಲಿಗೆ? ಸಿಯಾಟಲ್ ನಗರ ಮಂಡಳಿಯ ಮೂರು ಖಾತೆಗಳು

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದ ವಾಯವ್ಯ ಭಾಗದಲ್ಲಿ ಬ್ಯಾಲರ್ಡ್ ಎಂಬ ಬಡಾವಣೆಯಿದೆ. ಮೀನುಗಾರರೂ ಮರದ ಗಿರಣಿಗಳ ಕೆಲಸಗಾರರೂ ನೆಲೆಸಿದ್ದ ಈ ಪ್ರತ್ಯೇಕ ಊರು 1907ರಲ್ಲಿ ಸಿಯಾಟಲ್‌ಗೆ ಸೇರಿತು. ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ಬಳಿ ಬ್ಯಾಲರ್ಡ್ ಕಾಮನ್ಸ್ ಎಂಬ ಚಿಕ್ಕ ಉದ್ಯಾನವಿದೆ. ಒಂದು ಹುಲ್ಲುಹಾಸು, ಹುಡುಗರು ಸ್ಕೇಟ್‌ಬೋರ್ಡ್ ಆಡುವ ಕಾಂಕ್ರೀಟಿನ ತಗ್ಗು, ಬೇಸಿಗೆಯಲ್ಲಿ ಮಕ್ಕಳ ಮೇಲೆ ನೀರು ಚಿಮ್ಮಿಸುವ ಕಾರಂಜಿ, ಇಷ್ಟೇ ಅದರ ಆಸ್ತಿ. 2020ರಲ್ಲಿ ಕೊರೊನಾ ಹರಡಿ ಆಶ್ರಯಧಾಮಗಳಲ್ಲಿ ಹಾಸಿಗೆಗಳ ನಡುವಿನ ಅಂತರ ಹೆಚ್ಚಿಸಬೇಕಾಗಿ ಬಂದಾಗ, ಮತ್ತು ಬೇರೆ ವಸತಿ ಕೊಡಲಾಗದಿದ್ದರೆ ಬಯಲಲ್ಲಿರುವವರನ್ನು ಚದುರಿಸಬೇಡಿ ಎಂದು ಕೇಂದ್ರದ ಆರೋಗ್ಯ ಸಂಸ್ಥೆಯೇ ಸಲಹೆ ಮಾಡಿದಾಗ, ಈ ಹುಲ್ಲುಹಾಸು ಡೇರೆಗಳಿಂದ ತುಂಬಿಹೋಯಿತು. 2021ರ ಡಿಸೆಂಬರ್‌ನಲ್ಲಿ ನಗರಾಡಳಿತ ಡೇರೆಗಳನ್ನು ತೆರವು ಮಾಡಿ ಸುತ್ತ ಬೇಲಿ ಹಾಕಿತು. ಉದ್ಯಾನ ಮತ್ತೆ ತೆರೆದದ್ದು 2023ರಲ್ಲಿ. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಜಾಗ ಡೇರೆಯವರಿಗೂ ದಕ್ಕಲಿಲ್ಲ, ಮಕ್ಕಳಿಗೂ ದಕ್ಕಲಿಲ್ಲ.

ಹುಲ್ಲಿನ ಮೇಲೆ ನಿಂತ ಆ ಒಂದು ಡೇರೆಯನ್ನು ನಗರಾಡಳಿತ ಮೂರು ಕಡತಗಳಲ್ಲಿ ಮೂರು ಬಗೆಯಾಗಿ ಬರೆದುಕೊಳ್ಳುತ್ತದೆ. ಉದ್ಯಾನ ಇಲಾಖೆಯ ಕಡತದಲ್ಲಿ ಅದು ನಿಯಮ ಮೀರಿದ ಒತ್ತುವರಿ. ಮಾನವ ಸೇವೆಗಳ ಇಲಾಖೆಯ ಕಡತದಲ್ಲಿ ಅದು ಸೂರಿಲ್ಲದ ಒಬ್ಬ ಮನುಷ್ಯ. ಪೊಲೀಸ್ ಇಲಾಖೆಯ ಕಡತದಲ್ಲಿ ಅದು ದೂರು ಬಂದಿರುವ ಒಂದು ಸ್ಥಳ. ಉದ್ಯಾನ, ಮಾನವ ಸೇವೆ ಮತ್ತು ಸಾರ್ವಜನಿಕ ಸುರಕ್ಷತೆ ಎಂಬ ಮೂರು ಖಾತೆಗಳು ಕಾಗದದ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಂಡರೂ ನೆಲದ ಮೇಲೆ ಒಂದೇ ಚಾಪೆಯಷ್ಟು ಜಾಗದಲ್ಲಿ ಸಂಧಿಸುತ್ತವೆ. ಆದ್ದರಿಂದಲೇ ಈ ಮೂರನ್ನೂ ನಗರ ಮಂಡಳಿಯ ಒಂದೇ ಸಮಿತಿಯ ಮೇಲ್ವಿಚಾರಣೆಗೆ ಒಪ್ಪಿಸಬೇಕೋ ಬೇರೆ ಬೇರೆ ಸಮಿತಿಗಳಿಗೆ ಹಂಚಬೇಕೋ ಎಂಬ ಪ್ರಶ್ನೆ ಬರಿಯ ಆಡಳಿತ ಅನುಕೂಲದ ಪ್ರಶ್ನೆಯಲ್ಲ. ಡೇರೆಯೊಳಗಿನ ವ್ಯಕ್ತಿಯ ಬಗ್ಗೆ ಯಾರು ಯಾರನ್ನು ಕೇಳಬಹುದು, ಯಾರು ಉತ್ತರ ಕೊಡಲೇಬೇಕು ಎಂಬುದು ಅದರಿಂದ ನಿರ್ಧಾರವಾಗುತ್ತದೆ.

ಸಿಯಾಟಲ್‌ನ ನಗರ ಮಂಡಳಿಯಲ್ಲಿ ಒಂಬತ್ತು ಸದಸ್ಯರಿದ್ದಾರೆ. 2013ರಲ್ಲಿ ಮತದಾರರು ಒಪ್ಪಿದ ತಿದ್ದುಪಡಿಯಂತೆ 2015ರ ಚುನಾವಣೆಯಿಂದ ಏಳು ಮಂದಿ ತಮ್ಮ ತಮ್ಮ ಕ್ಷೇತ್ರಗಳಿಂದಲೂ ಇಬ್ಬರು ಇಡೀ ನಗರದಿಂದಲೂ ಆರಿಸಿ ಬರುತ್ತಾರೆ. ಮೇಯರ್ ನೇರವಾಗಿ ಜನರಿಂದ ಆಯ್ಕೆಯಾಗುತ್ತಾರೆ ಮತ್ತು ಇಲಾಖೆಗಳನ್ನು ನಡೆಸುವ ಅಧಿಕಾರ ಅವರದು. ಕಾನೂನು ಮಾಡುವ, ಬಜೆಟ್ ಒಪ್ಪುವ ಹಾಗೂ ಆಡಳಿತವನ್ನು ಪ್ರಶ್ನಿಸುವ ಅಧಿಕಾರ ಮಂಡಳಿಯದು. ಎಂಟು ಲಕ್ಷದಷ್ಟು ಜನಸಂಖ್ಯೆಯ ನಗರಕ್ಕೆ ಒಂಬತ್ತೇ ಜನ ಎಂದರೆ ಪ್ರತಿಯೊಬ್ಬರಿಗೂ ಒಂದೊಂದು ಸಮಿತಿಯ ಅಧ್ಯಕ್ಷಗಿರಿ ಬರುತ್ತದೆ ಮತ್ತು ಒಬ್ಬೊಬ್ಬರೂ ಹಲವು ಸಮಿತಿಗಳಲ್ಲಿ ಕೂರಬೇಕಾಗುತ್ತದೆ. ಈ ಸಮಿತಿಗಳ ಹೆಸರು ಮತ್ತು ವ್ಯಾಪ್ತಿ ಶಾಶ್ವತವಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಹೊಸ ಮಂಡಳಿ ಕೂಡಿದಾಗ, ಅಧ್ಯಕ್ಷರ ನೇತೃತ್ವದಲ್ಲಿ ಅವನ್ನು ಹೊಸದಾಗಿ ವಿಂಗಡಿಸಲಾಗುತ್ತದೆ.

ಕನ್ನಡ ಓದುಗರಿಗೆ ಈ ಮಂಡಳಿಯ ಪರಿಚಯ ಇನ್ನೊಂದು ಕಾರಣಕ್ಕೂ ಇರಬಹುದು. 2023ರ ಫೆಬ್ರುವರಿಯಲ್ಲಿ, ಪುಣೆಯಲ್ಲಿ ಹುಟ್ಟಿದ ಕ್ಷಮಾ ಸಾವಂತ್ ಮಂಡಿಸಿದ ಕಾನೂನನ್ನು ಒಪ್ಪಿ, ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರ ಎನಿಸಿಕೊಂಡದ್ದು ಇದೇ ಸಿಯಾಟಲ್. ಅದೇ ಸಾವಂತ್ 2018 ಮತ್ತು 2019ರಲ್ಲಿ ಮಾನವ ಸೇವೆಗಳು, ಸಮಾನ ಅಭಿವೃದ್ಧಿ ಮತ್ತು ಬಾಡಿಗೆದಾರರ ಹಕ್ಕುಗಳ ಸಮಿತಿಯ ಅಧ್ಯಕ್ಷೆಯಾಗಿದ್ದರು. ಆ ಅವಧಿಯಲ್ಲಿ ಪೊಲೀಸ್ ವಿಷಯ ಇನ್ನೊಂದು ಸಮಿತಿಯಲ್ಲಿತ್ತು, ಉದ್ಯಾನಗಳು ಮತ್ತೊಂದರಲ್ಲಿದ್ದವು. 2020ರಲ್ಲಿ ವಿಂಗಡಣೆ ಬದಲಾಯಿತು: ಸಾರ್ವಜನಿಕ ಸುರಕ್ಷತೆ ಮತ್ತು ಮಾನವ ಸೇವೆ ಎರಡನ್ನೂ ಸೇರಿಸಿದ ಒಂದೇ ಸಮಿತಿಗೆ ಲೀಸಾ ಹರ್ಬೋಲ್ಡ್ ಅಧ್ಯಕ್ಷೆಯಾದರು, ಉದ್ಯಾನಗಳು ಸಾರ್ವಜನಿಕ ಆಸ್ತಿ ಮತ್ತು ಮೂಲನಿವಾಸಿ ಸಮುದಾಯಗಳ ಸಮಿತಿಗೆ ಹೋದವು, ವಸತಿಹೀನತೆಗೆಂದೇ ಬೇರೊಂದು ವಿಶೇಷ ಸಮಿತಿ ಬಂದಿತು. 2024ರಲ್ಲಿ ಮತ್ತೆ ಹೊಸ ಹಂಚಿಕೆ. ಸುರಕ್ಷತೆಗೆ ಪ್ರತ್ಯೇಕ ಸಮಿತಿ, ವಸತಿ ಮತ್ತು ಮಾನವ ಸೇವೆಗೆ ಇನ್ನೊಂದು, ಉದ್ಯಾನಗಳಿಗೆ ನೀರು, ವಿದ್ಯುತ್ತಿನಂತಹ ನಾಗರಿಕ ಸೌಕರ್ಯ ಮತ್ತು ತಂತ್ರಜ್ಞಾನದೊಡನೆ ಸೇರಿದ ಮೂರನೆಯದು. ಆರು ವರ್ಷಗಳಲ್ಲಿ ಮತ್ತೆ ಮತ್ತೆ ಮನೆ ಬದಲಾಯಿಸಿದ ಕಡತಗಳಿವು.

ಮೂರು ಖಾತೆಗಳಲ್ಲಿ ಹೆಚ್ಚು ಪ್ರೀತಿಯ ಖಾತೆ ಉದ್ಯಾನಗಳದು. 1903ರಲ್ಲಿ ಉದ್ಯಾನ ವಿನ್ಯಾಸಕಾರ ಜಾನ್ ಚಾರ್ಲ್ಸ್ ಓಲ್ಮ್‌ಸ್ಟೆಡ್ ಈ ನಗರಕ್ಕೆ ಹಾಕಿಕೊಟ್ಟ ಯೋಜನೆಯ ಆಶಯ ಸರಳವಾಗಿತ್ತು: ಪ್ರತಿ ಮನೆಯಿಂದ ಅರ್ಧ ಮೈಲಿಯೊಳಗೆ ಒಂದು ಉದ್ಯಾನವೋ ಆಟದ ಬಯಲೋ ಇರಬೇಕು. ಇಂದು ನಗರದ ಉದ್ಯಾನ ಇಲಾಖೆಯ ಕೈಯಲ್ಲಿ 6,000 ಎಕರೆಗೂ ಮೀರಿದ ಭೂಮಿಯಿದೆ. 2014ರ ಆಗಸ್ಟ್‌ನಲ್ಲಿ ಮತದಾರರು ಉದ್ಯಾನಗಳಿಗಾಗಿಯೇ ಆಸ್ತಿ ತೆರಿಗೆ ಎತ್ತಬಲ್ಲ ಪ್ರತ್ಯೇಕ ಉದ್ಯಾನ ಜಿಲ್ಲೆಯೊಂದನ್ನು ಸ್ಥಾಪಿಸಿದರು. ಅದರ ಆಡಳಿತ ಮಂಡಳಿಯಲ್ಲಿ ಕೂರುವವರು ಇದೇ ಒಂಬತ್ತು ಸದಸ್ಯರು. 1997ರಿಂದ ಜಾರಿಯಲ್ಲಿರುವ ಇನ್ನೊಂದು ಕಾನೂನಿನಂತೆ ಉದ್ಯಾನದ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಹತ್ತಿರದಲ್ಲೇ ಅಷ್ಟೇ ಬೆಲೆಬಾಳುವ ಭೂಮಿಯನ್ನು ಬದಲಿಗೆ ಕೊಡಬೇಕು. ಉದ್ಯಾನಗಳನ್ನು ನುಂಗಲು ಬರುವವರಿಂದ ಕಾಪಾಡಿದ ಒಳ್ಳೆಯ ಕಾನೂನು ಇದು; ಆಶ್ರಯಧಾಮ ಕಟ್ಟಲು ನಗರದೊಳಗೆ ಜಾಗ ಹುಡುಕುವವರ ಕೈಯನ್ನು ಕಟ್ಟಿಹಾಕಿದ್ದೂ ಇದೇ ಕಾನೂನು. ಎರಡೂ ಮಾತು ನಿಜ.

ಮಾನವ ಸೇವೆ ಎಂಬ ಮಾತು ನಮ್ಮ ಕಿವಿಗೆ ಸ್ವಲ್ಪ ಹೊಸದು. ಆಶ್ರಯಧಾಮಗಳು, ವೃದ್ಧರಿಗೆ ಊಟ, ಮನೆಯೊಳಗಿನ ಹಿಂಸೆಗೆ ಸಿಕ್ಕವರಿಗೆ ನೆರವು, ಹದಿಹರೆಯದವರ ಕಾರ್ಯಕ್ರಮಗಳು, ಇವೆಲ್ಲ ಆ ಇಲಾಖೆಯ ವ್ಯಾಪ್ತಿಗೆ ಬರುತ್ತವೆ. ಆದರೆ ಇಲಾಖೆ ಇವುಗಳಲ್ಲಿ ಬಹುಪಾಲನ್ನು ತಾನೇ ನಡೆಸುವುದಿಲ್ಲ. ಸ್ವಯಂಸೇವಾ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟು ಹಣ ಒದಗಿಸುತ್ತದೆ. 2015ರ ನವೆಂಬರ್‌ನಲ್ಲಿ ಆಗಿನ ಮೇಯರ್ ಎಡ್ ಮರ್ರೇ ವಸತಿಹೀನತೆಯ ಕಾರಣಕ್ಕೆ ತುರ್ತು ಪರಿಸ್ಥಿತಿ ಘೋಷಿಸಿದರು. ಭೂಕಂಪಕ್ಕೂ ಪ್ರವಾಹಕ್ಕೂ ಘೋಷಿಸುವಂತಹ ತುರ್ತು ಪರಿಸ್ಥಿತಿ ಅದು. 2019ರ ಡಿಸೆಂಬರ್‌ನಲ್ಲಿ ನಗರವೂ ಅದನ್ನೊಳಗೊಂಡ ಕಿಂಗ್ ಕೌಂಟಿಯೂ ಕೂಡಿ ಪ್ರಾದೇಶಿಕ ವಸತಿಹೀನತಾ ಪ್ರಾಧಿಕಾರವೊಂದನ್ನು ರಚಿಸಲು ಒಪ್ಪಂದ ಮಾಡಿಕೊಂಡವು. 2020ರ ಜನವರಿಯ ಎಣಿಕೆಯಲ್ಲಿ ಆ ಕೌಂಟಿಯಲ್ಲಿ 11,751 ಮಂದಿ ವಸತಿಹೀನರಿದ್ದರು. 2024ರ ಎಣಿಕೆಯಲ್ಲಿ ಆ ಸಂಖ್ಯೆ 16,000 ದಾಟಿತ್ತು. ಎಣಿಕೆಯ ವಿಧಾನ ನಡುವೆ ಬದಲಾಗಿರುವುದರಿಂದ ಎರಡನ್ನೂ ನೇರವಾಗಿ ತೂಗಿ ನೋಡಲಾಗದು, ಆದರೂ ಸಂಖ್ಯೆ ಇಳಿದಿದೆ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಪ್ರಾಧಿಕಾರಕ್ಕೆ ಒಪ್ಪಿಸಿದ್ದ ಕೆಲವು ಕೆಲಸಗಳನ್ನು ನಗರ ಮುಂದೆ ಮರಳಿ ತನ್ನ ಕೈಗೆ ತೆಗೆದುಕೊಂಡದ್ದರಿಂದ ಹೊಣೆ ಯಾರದೆಂಬ ಗೊಂದಲ ಇನ್ನಷ್ಟು ಬೆಳೆಯಿತು.

ಸುರಕ್ಷತೆಯ ಖಾತೆಯ ಇತಿಹಾಸ ನೋವಿನದು. 2010ರ ಆಗಸ್ಟ್‌ನಲ್ಲಿ ಜಾನ್ ವಿಲಿಯಮ್ಸ್ ಎಂಬ ಮೂಲನಿವಾಸಿ ಮರಗೆತ್ತನೆಗಾರ, ತನ್ನ ಕಸುಬಿನ ಚಾಕು ಮತ್ತು ಒಂದು ಮರದ ತುಂಡು ಹಿಡಿದು ರಸ್ತೆ ದಾಟುತ್ತಿದ್ದಾಗ ಪೊಲೀಸ್ ಅಧಿಕಾರಿಯೊಬ್ಬರ ಗುಂಡಿಗೆ ಬಲಿಯಾದರು. ಅಲ್ಲಿಂದ ಎದ್ದ ಆಕ್ರೋಶ ಕೇಂದ್ರ ನ್ಯಾಯ ಇಲಾಖೆಯ ತನಿಖೆಗೆ ಕಾರಣವಾಯಿತು. ಪೊಲೀಸರು ಅತಿಯಾದ ಬಲಪ್ರಯೋಗ ಮಾಡುತ್ತಿದ್ದಾರೆಂದು 2011ರಲ್ಲಿ ಇಲಾಖೆ ಹೇಳಿತು. 2012ರಲ್ಲಿ ಸಿಯಾಟಲ್ ಪೊಲೀಸ್ ಇಲಾಖೆ ಕೇಂದ್ರ ನ್ಯಾಯಾಲಯದ ನಿಗಾ ವ್ಯವಸ್ಥೆಗೆ ಒಳಪಟ್ಟಿತು. ಆ ನಿಗಾ ಪೂರ್ತಿಯಾಗಿ ಕೊನೆಗೊಂಡದ್ದು 2025ರ ಸೆಪ್ಟೆಂಬರ್‌ನಲ್ಲಿ. ಈ ಹದಿಮೂರು ವರ್ಷಗಳ ನಡುವೆಯೇ 2020ರ ಬೇಸಿಗೆ ಬಂದುಹೋಯಿತು.

ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ಮೇಲೆ ಸಿಯಾಟಲ್‌ನಲ್ಲಿ ನಡೆದ ಪ್ರತಿಭಟನೆಗಳು ಕ್ಯಾಪಿಟಲ್ ಹಿಲ್ ಬಡಾವಣೆಯ ಪೊಲೀಸ್ ಠಾಣೆಯ ಸುತ್ತ ಕೇಂದ್ರೀಕರಿಸಿದವು. ಜೂನ್ 8ರಂದು ಪೊಲೀಸರು ಠಾಣೆ ತೊರೆದು ಹೋದರು. ಜುಲೈ 1ರವರೆಗೆ ಅಲ್ಲಿನ ಬೀದಿಗಳೂ ಪಕ್ಕದ ಕ್ಯಾಲ್ ಆಂಡರ್ಸನ್ ಉದ್ಯಾನವೂ ಪ್ರತಿಭಟನಕಾರರ ವಶದಲ್ಲಿದ್ದವು. ಆ ದಿನಗಳಲ್ಲಿ ಅಲ್ಲಿ ಗುಂಡಿನ ದಾಳಿಗಳೂ ನಡೆದು ಹದಿಹರೆಯದ ಇಬ್ಬರು ಹುಡುಗರು ಪ್ರಾಣ ಕಳೆದುಕೊಂಡರು. ಅದೇ ಜೂನ್‌ನಲ್ಲಿ ಕೆಲವರು ಉದ್ಯಾನದ ಹುಲ್ಲನ್ನು ಅಗೆದು, ಪೊಲೀಸರಿಂದ ಹತರಾದ ಕಪ್ಪು ಜನರ ನೆನಪಿಗೆಂದು ತರಕಾರಿ ಮಡಿ ಮಾಡಿದರು. ಮೂರು ವರ್ಷಕ್ಕೂ ಹೆಚ್ಚು ಕಾಲ ಆ ಕೈತೋಟ ಅಲ್ಲಿ ಬೆಳೆಯಿತು. 2023ರ ಡಿಸೆಂಬರ್ 27ರಂದು ಉದ್ಯಾನ ಇಲಾಖೆ ಯಂತ್ರ ತಂದು ಅದನ್ನು ಕಿತ್ತುಹಾಕಿತು. ಜನ ಸೇರುವ ಹುಲ್ಲುಹಾಸನ್ನು ಮೊದಲಿನಂತೆ ಮಾಡಬೇಕು ಎಂಬುದು ಒಂದು ಕಾರಣ. ಸುತ್ತ ಡೇರೆಗಳು, ಸೂಜಿಗಳು, ಇಲಿಗಳು ಸೇರಿಕೊಂಡು ಆರೋಗ್ಯಕ್ಕೂ ಸುರಕ್ಷತೆಗೂ ಕುತ್ತು ಬಂದಿದೆ ಎಂಬುದು ಇನ್ನೊಂದು. ಸೊಪ್ಪಿನ ಮಡಿಯೊಂದನ್ನು ತೆಗೆಯುವ ಕೆಲಸದಲ್ಲಿ ಮೂರೂ ಖಾತೆಗಳ ಮಾತು ಬಂದುಹೋದದ್ದನ್ನು ಗಮನಿಸಬೇಕು. ಹೆಸರಿಗೆ ಅದು ತೋಟಗಾರಿಕೆಯ ಕೆಲಸವಾಗಿತ್ತು.

ಮೂರೂ ಖಾತೆಗಳನ್ನು ಬೀದಿಯಲ್ಲಿ ಒಂದುಗೂಡಿಸುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 2017ರಲ್ಲಿ ಪೊಲೀಸರನ್ನೂ ಸಮಾಜ ಸೇವಾ ಕಾರ್ಯಕರ್ತರನ್ನೂ ಸೇರಿಸಿ ನ್ಯಾವಿಗೇಶನ್ ಟೀಮ್ ಎಂಬ ತಂಡ ಕಟ್ಟಲಾಯಿತು. ಡೇರೆಗಳ ಬಳಿ ಹೋಗಿ ಆಶ್ರಯಧಾಮಕ್ಕೆ ಬರುವಂತೆ ಒಲಿಸುವುದು, ಒಪ್ಪದಿದ್ದರೆ ತೆರವು ಮಾಡುವುದು ಎರಡೂ ಅದೇ ತಂಡದ ಕೆಲಸ. ಕಷ್ಟ ಇದ್ದದ್ದು ಅಲ್ಲಿಯೇ. ನಿನ್ನೆ ಹೊದಿಕೆ ಕೊಟ್ಟು ಮಾತನಾಡಿಸಿದವರ ಜೊತೆಯಲ್ಲೇ ಇಂದು ಸಮವಸ್ತ್ರದವರು ಬಂದು ನಿಂತರೆ, ನಾಳೆ ಆ ಹೊದಿಕೆಯವರ ಮಾತನ್ನು ಯಾರು ನಂಬುತ್ತಾರೆ? 2020ರಲ್ಲಿ ಮಂಡಳಿ ಈ ತಂಡದ ಹಣವನ್ನು ಕಡಿತ ಮಾಡಿತು. ಮೇಯರ್ ಜೆನ್ನಿ ಡರ್ಕನ್ ತಮ್ಮ ನಿಷೇಧಾಧಿಕಾರ ಬಳಸಿ ತಡೆದರು. ಸೆಪ್ಟೆಂಬರ್‌ನಲ್ಲಿ ಮಂಡಳಿ ಆ ತಡೆಯನ್ನು ಮೀರಿತು, ತಂಡ ಮುಚ್ಚಿತು. ಅದರ ಜಾಗದಲ್ಲಿ ಮಾನವ ಸೇವೆಗಳ ಇಲಾಖೆಯಲ್ಲಿ ಚಿಕ್ಕ ತಂಡವೊಂದು ಬಂದಿತು. 2022ರಲ್ಲಿ ಮೇಯರ್ ಬ್ರೂಸ್ ಹ್ಯಾರೆಲ್ ಉದ್ಯಾನ, ಸಾರಿಗೆ, ಮಾನವ ಸೇವೆ ಮೊದಲಾದ ಇಲಾಖೆಗಳನ್ನು ಕೂಡಿಸಿ ಮತ್ತೊಂದು ಒಕ್ಕೂಟ ತಂಡ ರಚಿಸಿದರು. ಹೀಗೆ ಬೀದಿಯಲ್ಲಿ ಇಲಾಖೆಗಳು ಒಂದಾದವು. ಅವನ್ನು ಪ್ರಶ್ನಿಸಬೇಕಾದ ಸಮಿತಿಗಳು 2024ರಲ್ಲಿ ಮೂರಾಗಿ ಒಡೆದವು. ಇಲಾಖೆಗಳ ಜಂಟಿ ಕೆಲಸಕ್ಕೆ ಜಂಟಿ ಉತ್ತರದಾಯಿತ್ವ ಬೇಡವೇ ಎಂಬುದು ಈ ಲೇಖಕನ ಮುಖ್ಯ ಆಕ್ಷೇಪ.

ತೆರವಿನ ನಿಯಮವನ್ನು ಹತ್ತಿರದಿಂದ ಓದಿದವರಿಗೆ ಈ ಆಕ್ಷೇಪ ಇನ್ನಷ್ಟು ಸ್ಪಷ್ಟವಾಗುತ್ತದೆ. 2017ರಿಂದ ಇರುವ ನಗರದ ಆಡಳಿತ ನಿಯಮದ ಪ್ರಕಾರ, ಡೇರೆಯೊಂದನ್ನು ತೆರವು ಮಾಡುವ ಮೊದಲು 72 ಗಂಟೆಗಳ ಸೂಚನೆ ಅಂಟಿಸಬೇಕು, ಆಶ್ರಯದ ಅವಕಾಶ ಕೊಡಬೇಕು, ವಶಪಡಿಸಿಕೊಂಡ ಸಾಮಾನುಗಳನ್ನು 70 ದಿನ ಜೋಪಾನವಾಗಿಟ್ಟು ವಾರಸುದಾರರು ಬಂದು ಕೇಳಿದರೆ ಹಿಂತಿರುಗಿಸಬೇಕು. ಓದಿದರೆ ಮನುಷ್ಯತ್ವವಿರುವ ನಿಯಮ ಎನಿಸುತ್ತದೆ. ಆದರೆ ಅದರಲ್ಲಿಯೇ ಇನ್ನೊಂದು ಪದವಿದೆ: ಅಡಚಣೆ. ಡೇರೆ ಅಡಚಣೆಯಾಗಿದ್ದರೆ ಮುಂಗಡ ಸೂಚನೆಯ ಅಗತ್ಯವಿಲ್ಲ. ಅಡಚಣೆ ಎಂದರೇನು ಎಂಬ ವ್ಯಾಖ್ಯೆಯಲ್ಲಿ ನಗರದ ಉದ್ಯಾನದಲ್ಲಿರುವುದು, ಪಾದಚಾರಿ ಮಾರ್ಗದಲ್ಲಿರುವುದು ಎಂಬ ಮಾತುಗಳನ್ನೂ ಸೇರಿಸಲಾಗಿದೆ. ಅಂದರೆ ನೂರಾರು ಎಕರೆಯ ಉದ್ಯಾನವೊಂದರ ಮೂಲೆಯಲ್ಲಿ, ಯಾರ ದಾರಿಗೂ ಅಡ್ಡವಾಗದೆ, ಮರದ ಮರೆಯಲ್ಲಿ ನಿಂತ ಡೇರೆ ಕೂಡ ಉದ್ಯಾನದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅಡಚಣೆಯಾಗುತ್ತದೆ. 72 ಗಂಟೆಗಳ ಭರವಸೆ, ಅದು ಹೆಚ್ಚು ಬೇಕಾಗಿರುವ ಜಾಗದಲ್ಲಿಯೇ ಹೀಗೆ ಕರಗಿಹೋಗುತ್ತದೆ.

ಈ ವ್ಯಾಖ್ಯೆ ಸರಿಯೋ ತಪ್ಪೋ ಎಂದು ಪ್ರಶ್ನಿಸುವ ಹೊಣೆ ಯಾವ ಸಮಿತಿಯದು? ಉದ್ಯಾನ ಸಮಿತಿಯ ಮುಂದೆ ಕೇಳಿದರೆ ಇದು ವಸತಿಹೀನರ ವಿಷಯ ಎನ್ನಬಹುದು. ಮಾನವ ಸೇವೆಯ ಸಮಿತಿ ಇದು ಉದ್ಯಾನದ ನಿಯಮ ಎನ್ನಬಹುದು. ಸುರಕ್ಷತಾ ಸಮಿತಿ ತನ್ನ ಮುಂದಿರುವ ಪೊಲೀಸ್ ನೇಮಕಾತಿ ಮತ್ತು ಅಪರಾಧ ಅಂಕಿಅಂಶಗಳ ನಡುವೆ ಇದಕ್ಕೆ ಬಿಡುವು ಮಾಡಿಕೊಳ್ಳದಿರಬಹುದು. ಸಾರ್ವಜನಿಕರ ಅಹವಾಲಿಗೂ ಇದೇ ತೊಡಕು. ಸಮಿತಿ ಸಭೆಯ ಆರಂಭದಲ್ಲಿ ಯಾರು ಬೇಕಾದರೂ ಹೆಸರು ಬರೆಸಿ ಮಾತನಾಡಬಹುದು, ಆದರೆ ಸಾಮಾನ್ಯವಾಗಿ ಎರಡು ನಿಮಿಷ, ಜನ ಹೆಚ್ಚಾದರೆ ಒಂದೇ ನಿಮಿಷ. ಮತ್ತು ಮಾತು ಆ ದಿನದ ಕಾರ್ಯಸೂಚಿಗೆ ಅಥವಾ ಆ ಸಮಿತಿಯ ವ್ಯಾಪ್ತಿಗೆ ಸೇರಿದ್ದಾಗಿರಬೇಕು. ತನ್ನ ಮಗುವನ್ನು ಉದ್ಯಾನಕ್ಕೆ ಕರೆದೊಯ್ಯಲು ಹೆದರುವ ತಾಯಿಗೂ, ಅದೇ ಉದ್ಯಾನದಿಂದ ನಾಲ್ಕನೆಯ ಬಾರಿ ಎಬ್ಬಿಸಲ್ಪಟ್ಟ ವ್ಯಕ್ತಿಗೂ ತಮ್ಮ ಕಷ್ಟ ಯಾವ ವ್ಯಾಪ್ತಿಗೆ ಸೇರುತ್ತದೆ ಎಂದು ಮೊದಲು ತಿಳಿದಿರಬೇಕು. ಅವರಿಬ್ಬರನ್ನೂ ಒಂದೇ ಕೋಣೆಯಲ್ಲಿ, ಒಂದೇ ದಿನ ಕೇಳಿಸಿಕೊಳ್ಳುವ ಸಮಿತಿ ಇರುವುದು ಎಷ್ಟು ಮುಖ್ಯ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನ್ನೂ ಒಂದೇ ಸಮಿತಿಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ವಾದಿಸುವುದೂ ಪ್ರಾಮಾಣಿಕವಲ್ಲ. 2020ರಿಂದ 2023ರವರೆಗೆ ಸುರಕ್ಷತೆ ಮತ್ತು ಮಾನವ ಸೇವೆ ಒಂದೇ ಸಮಿತಿಯಲ್ಲಿದ್ದಾಗ ಪೊಲೀಸ್ ವಿಷಯವೇ ಹೆಚ್ಚು ಹೊತ್ತು ನುಂಗಿತು. ಅದು ಸಹಜವೂ ಆಗಿತ್ತು. 2020ರಲ್ಲಿ ಒಂಬತ್ತು ಸದಸ್ಯರಲ್ಲಿ ಏಳು ಮಂದಿ ಪೊಲೀಸ್ ಬಜೆಟ್ಟನ್ನು ಅರ್ಧಕ್ಕೆ ಇಳಿಸುವ ಮಾತಿಗೆ ಬೆಂಬಲ ಕೊಟ್ಟಿದ್ದರು. ಆಗಸ್ಟ್‌ನಲ್ಲಿ ಪೊಲೀಸ್ ಮುಖ್ಯಸ್ಥೆ ಕಾರ್ಮೆನ್ ಬೆಸ್ಟ್ ನಿವೃತ್ತಿ ಘೋಷಿಸಿದರು. ಅಧಿಕಾರಿಗಳು ನೂರಾರು ಸಂಖ್ಯೆಯಲ್ಲಿ ಕೆಲಸ ಬಿಟ್ಟರು. ಅರ್ಧಕ್ಕೆ ಇಳಿಸುವ ಮಾತು ಮಾತಾಗಿಯೇ ಉಳಿಯಿತು. 2021ರ ಬಜೆಟ್‌ನಲ್ಲಿ ಆದ ಕಡಿತದ ದೊಡ್ಡ ಪಾಲು ನಿಜವಾದ ಕಡಿತವೇ ಆಗಿರಲಿಲ್ಲ. 911 ತುರ್ತು ಕರೆ ಕೇಂದ್ರವನ್ನೂ ವಾಹನ ನಿಲುಗಡೆ ಜಾರಿ ಸಿಬ್ಬಂದಿಯನ್ನೂ ಪೊಲೀಸ್ ಇಲಾಖೆಯಿಂದ ಬೇರೆಡೆಗೆ ವರ್ಗಾಯಿಸಿದ ಲೆಕ್ಕ ಅದು. ನಿಲುಗಡೆ ಸಿಬ್ಬಂದಿ ಸಾರಿಗೆ ಇಲಾಖೆಗೆ ಹೋಗಿ, 2023ರ ಹೊತ್ತಿಗೆ ಮತ್ತೆ ಪೊಲೀಸ್ ಇಲಾಖೆಗೇ ಮರಳಿದರು. ನಾಮಫಲಕ ಬದಲಾಯಿಸುವುದನ್ನು ಸುಧಾರಣೆ ಎಂದು ಕರೆಯುವ ಅಭ್ಯಾಸ ಎಷ್ಟು ಸುಲಭವಾಗಿ ಅಂಟಿಕೊಳ್ಳುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಸಮಿತಿಗಳ ಹಂಚಿಕೆಯ ಬಗ್ಗೆ ಬರೆಯುವಾಗ ಈ ಎಚ್ಚರ ನನಗೂ ಬೇಕು.

ಆದರೆ 911 ಕೇಂದ್ರದ ವರ್ಗಾವಣೆ ಬೇರೆಯದೇ ಫಲ ಕೊಟ್ಟಿತು. ಅದನ್ನು ಒಳಗೊಂಡ ಇಲಾಖೆ 2023ರ ಅಕ್ಟೋಬರ್‌ನಲ್ಲಿ ಕೇರ್ ಎಂಬ ಹೆಸರಿನಲ್ಲಿ, ಮಾನಸಿಕ ಸಂಕಟದ ಕರೆಗಳಿಗೆ ಶಸ್ತ್ರವಿಲ್ಲದ ಸಾಮಾಜಿಕ ಕಾರ್ಯಕರ್ತರನ್ನು ಕಳುಹಿಸುವ ಪ್ರಯೋಗ ಆರಂಭಿಸಿತು. ಅಗ್ನಿಶಾಮಕ ಇಲಾಖೆ 2019ರಲ್ಲೇ ಜೀವಾಪಾಯವಿಲ್ಲದ ಕರೆಗಳಿಗೆ ಅಗ್ನಿಶಾಮಕ ಸಿಬ್ಬಂದಿಯ ಜೊತೆ ಒಬ್ಬ ಸಮಾಜ ಸೇವಾ ತಜ್ಞರನ್ನು ಕಳುಹಿಸುವ ತಂಡ ಕಟ್ಟಿತ್ತು. ಹಾಗೆಯೇ ಉದ್ಯಾನ ಜಿಲ್ಲೆಯ ತೆರಿಗೆ ಹಣದಿಂದ ಶಸ್ತ್ರವಿಲ್ಲದ ಉದ್ಯಾನ ಕಾವಲುಗಾರರ ಸಂಖ್ಯೆಯನ್ನು ಬೆರಳೆಣಿಕೆಯಿಂದ ಇಪ್ಪತ್ತಕ್ಕೂ ಮೇಲೇರಿಸಲು 2022ರಲ್ಲಿ ತೀರ್ಮಾನವಾಯಿತು. ಈ ಮೂರೂ ಪ್ರಯೋಗಗಳು ಖಾತೆಗಳ ಗಡಿಯ ಮೇಲೆ ನಿಂತಿವೆ ಮತ್ತು ಗಡಿಯ ಕಷ್ಟವನ್ನೂ ಅನುಭವಿಸಿವೆ. ಕೇರ್ ತಂಡದಲ್ಲಿ ಎಷ್ಟು ಜನ ಇರಬಹುದು, ಯಾವ ಕರೆಗೆ ಪೊಲೀಸರಿಲ್ಲದೆ ಹೋಗಬಹುದು ಎಂಬುದನ್ನು ಬಹುಕಾಲ ನಿರ್ಧರಿಸಿದ್ದು ಪೊಲೀಸ್ ಸಂಘದೊಡನೆ ನಗರ ಮಾಡಿಕೊಂಡ ವೇತನ ಒಪ್ಪಂದ. ಕಾರ್ಯಕರ್ತರ ಸಂಖ್ಯೆ 24 ಮೀರಬಾರದೆಂಬ ಮಿತಿ ಅದರಲ್ಲಿತ್ತು. ಆ ಮಿತಿ ಸಡಿಲವಾದದ್ದು 2025ರ ಕೊನೆಯ ಹೊಸ ಒಪ್ಪಂದದಲ್ಲಿ. ಮಾನವ ಸೇವೆಯ ವಿಸ್ತರಣೆಯ ಕೀಲಿ ಪೊಲೀಸ್ ಒಪ್ಪಂದದ ಪುಟಗಳಲ್ಲಿ ಇದ್ದರೆ, ಆ ಎರಡನ್ನೂ ಒಟ್ಟಿಗೆ ಓದುವ ಸಮಿತಿ ಬೇಕೇ ಬೇಕು.

ಮತದಾರರೇ ಈ ಮೂರು ಎಳೆಗಳನ್ನು ಹೆಣೆಯಲು ಹೊರಟದ್ದೂ ಉಂಟು. 2021ರಲ್ಲಿ ಸಹಿ ಸಂಗ್ರಹದ ಮೂಲಕ ಬಂದ 29ನೆಯ ತಿದ್ದುಪಡಿಯ ಪ್ರಸ್ತಾವ, ನಗರದ ಸಾಮಾನ್ಯ ನಿಧಿಯ ಕನಿಷ್ಠ ಶೇಕಡ 12ನ್ನು ಮಾನವ ಸೇವೆಗೆ ಮೀಸಲಿಡಬೇಕು, ಒಂದು ವರ್ಷದೊಳಗೆ 2,000 ವಸತಿ ಘಟಕಗಳನ್ನು ಒದಗಿಸಬೇಕು, ಹಾಗೆ ಒದಗಿಸುತ್ತ ಹೋದಂತೆ ಉದ್ಯಾನಗಳನ್ನೂ ಆಟದ ಬಯಲುಗಳನ್ನೂ ಡೇರೆಗಳಿಂದ ಮುಕ್ತವಾಗಿಡಬೇಕು ಎಂದಿತ್ತು. ಕೊಡುವುದನ್ನೂ ಎಬ್ಬಿಸುವುದನ್ನೂ ಒಂದೇ ವಾಕ್ಯದಲ್ಲಿ ಕಟ್ಟಿದ್ದರಿಂದ ಒಂದು ಪಕ್ಷಕ್ಕೆ ಮೊದಲ ಅರ್ಧವೂ ಇನ್ನೊಂದು ಪಕ್ಷಕ್ಕೆ ಎರಡನೆಯ ಅರ್ಧವೂ ಹಿಡಿಸಲಿಲ್ಲ. ರಾಜ್ಯದ ಕಾನೂನು ಮಂಡಳಿಗೆ ಕೊಟ್ಟಿರುವ ಅಧಿಕಾರವನ್ನು ಇಂತಹ ಪ್ರಸ್ತಾವದಿಂದ ಕಸಿಯಲಾಗದು ಎಂದು ನ್ಯಾಯಾಲಯ ಹೇಳಿದ್ದರಿಂದ ಅದು ಮತಪತ್ರದಿಂದಲೇ ಹೊರಬಿತ್ತು. ಅಂದರೆ ಈ ಹೆಣಿಗೆ ಮಾಡಬೇಕಾದವರು ಚುನಾಯಿತ ಸದಸ್ಯರೇ ಎಂದು ನ್ಯಾಯಾಲಯ ಹೊಣೆಯನ್ನು ಮಂಡಳಿಯ ಮೇಜಿಗೇ ಹಿಂತಿರುಗಿಸಿತು.

ಮಂಡಳಿಯ ಕೈಯಲ್ಲಿ ಏನಿದೆ? ಮೇಯರ್ ಅಧೀನದ ಇಲಾಖೆಗೆ ಇಂಥ ಡೇರೆ ತೆಗೆಯಿರಿ, ಇಂಥದು ಬಿಡಿ ಎಂದು ಸಮಿತಿ ಆದೇಶ ಮಾಡಲಾಗದು. ಆದರೆ ಬಜೆಟ್ ಒಪ್ಪುವಾಗ ಇಷ್ಟು ಹಣವನ್ನು ಇಂಥ ವರದಿ ಬರುವವರೆಗೆ ಖರ್ಚು ಮಾಡಬಾರದು ಎಂಬ ಷರತ್ತು ಹಾಕಬಹುದು. ಇಂತಿಷ್ಟು ದಿನದಲ್ಲಿ ಇಂಥ ಮಾಹಿತಿ ಕೊಡಿ ಎಂದು ಲಿಖಿತವಾಗಿ ಕೇಳಬಹುದು. ಪೊಲೀಸ್ ಮುಖ್ಯಸ್ಥರಂತಹ ಹುದ್ದೆಗಳ ನೇಮಕಕ್ಕೆ ಒಪ್ಪಿಗೆ ಕೊಡಬಹುದು, ತಡೆಯಬಹುದು. ಪಕ್ಷಾತೀತವಾಗಿ ಕೆಲಸ ಮಾಡುವ ವಿಶ್ಲೇಷಕರ ಕಚೇರಿಯೊಂದು ಸದಸ್ಯರ ನೆರವಿಗಿದೆ. ಇವು ಚಿಕ್ಕ ಅಸ್ತ್ರಗಳಲ್ಲ. ಉದ್ಯಾನದ ಬಜೆಟ್ಟಿನ ಷರತ್ತನ್ನು ಒಂದು ಸಮಿತಿಯೂ, ಆಶ್ರಯಧಾಮದ ಹಣದ ಷರತ್ತನ್ನು ಇನ್ನೊಂದು ಸಮಿತಿಯೂ, ಪೊಲೀಸ್ ಹಣದ ಷರತ್ತನ್ನು ಮೂರನೆಯದೂ ಪರಸ್ಪರ ಮಾತನಾಡದೆ ಬರೆದಾಗ ಮಾತ್ರ ಅವು ಮೊಂಡಾಗುತ್ತವೆ.

ಬೆಂಗಳೂರಿನ ಓದುಗರಿಗೆ ಇದನ್ನೆಲ್ಲ ನೋಡುವಾಗ ಒಂದು ವ್ಯತ್ಯಾಸ ತಕ್ಷಣ ಕಾಣುತ್ತದೆ. ಮಹಾನಗರ ಪಾಲಿಕೆಯ ಹನ್ನೆರಡು ಸ್ಥಾಯಿ ಸಮಿತಿಗಳಲ್ಲಿ ತೋಟಗಾರಿಕೆಗೂ ಸಾಮಾಜಿಕ ನ್ಯಾಯಕ್ಕೂ ಒಂದೊಂದು ಸಮಿತಿ ಇತ್ತು, ಆದರೆ ಪೊಲೀಸರನ್ನು ಪ್ರಶ್ನಿಸುವ ಸಮಿತಿ ಇರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಪೊಲೀಸ್ ರಾಜ್ಯ ಸರ್ಕಾರದ ವಿಷಯ. ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ಕೂಡ ರಾಜ್ಯದ ತೋಟಗಾರಿಕೆ ಇಲಾಖೆಯವು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಚುನಾವಣೆಯೇ ಇಲ್ಲದೆ ಐದು ವರ್ಷ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಐದು ಹೊಸ ಪಾಲಿಕೆಗಳು ಬಂದವು. ಮೂರು ಸಮಿತಿಯೋ ಒಂದು ಸಮಿತಿಯೋ ಎಂದು ಸಿಯಾಟಲ್ ಚರ್ಚಿಸುತ್ತಿದ್ದ ಆ ಐದು ವರ್ಷ ಬೆಂಗಳೂರಿನಲ್ಲಿ ಕೇಳುವ ಸಮಿತಿಯೇ ಇರಲಿಲ್ಲ. ಅದರ ನೋವು ಬೇರೆಯದು, ಬೇರೆಯಾಗಿಯೇ ಬರೆಯಬೇಕಾದದ್ದು.

ಸಿಯಾಟಲ್‌ನಲ್ಲಿ ಈ ಪ್ರಶ್ನೆ ಈಗ ಹೆಚ್ಚು ತುರ್ತಾಗಿರುವುದಕ್ಕೆ ನ್ಯಾಯಾಲಯದ ಒಂದು ತೀರ್ಪು ಕಾರಣ. ಆಶ್ರಯಧಾಮದಲ್ಲಿ ಜಾಗವಿಲ್ಲದಾಗ ಬಯಲಲ್ಲಿ ಮಲಗಿದವರನ್ನು ಶಿಕ್ಷಿಸುವುದು ಸಂವಿಧಾನಬಾಹಿರ ಎಂದು 2018ರಲ್ಲಿ ಪಶ್ಚಿಮ ರಾಜ್ಯಗಳ ಮೇಲ್ಮನವಿ ನ್ಯಾಯಾಲಯ ಹೇಳಿತ್ತು. ಆರೆಗನ್ ರಾಜ್ಯದ ಗ್ರಾಂಟ್ಸ್ ಪಾಸ್ ಎಂಬ ಚಿಕ್ಕ ನಗರದ ಪ್ರಕರಣದಲ್ಲಿ 2024ರ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆರು ಮೂರರ ಬಹುಮತದಿಂದ ಆ ನಿಲುವನ್ನು ತಳ್ಳಿಹಾಕಿತು. ಆ ಪ್ರಕರಣದ ಕೇಂದ್ರದಲ್ಲಿದ್ದದ್ದೂ ಉದ್ಯಾನಗಳಲ್ಲಿ ಮಲಗುವವರೇ. ನ್ಯಾಯಾಲಯ ಹಾಕಿದ್ದ ಆ ಲಗಾಮು ಕಳಚಿದ ಮೇಲೆ ನಗರಾಡಳಿತವನ್ನು ತಡೆದು ಕೇಳುವ ಭಾರ ಚುನಾಯಿತ ಸಮಿತಿಗಳ ಮೇಲೆ ಬಿದ್ದಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಿಯಾಟಲ್ ಮಂಡಳಿ, ಮಾದಕ ವಸ್ತು ಪ್ರಕರಣದ ಆರೋಪಿಗಳು ನಗರದ ನಿರ್ದಿಷ್ಟ ಪ್ರದೇಶಗಳಿಗೆ ಕಾಲಿಡದಂತೆ ನ್ಯಾಯಾಧೀಶರು ಆದೇಶಿಸಲು ಅವಕಾಶ ಕೊಡುವ ಕಾನೂನು ಮಾಡಿತು. ಆ ಪ್ರದೇಶದಿಂದ ಹೊರಬಿದ್ದವರು ಯಾವ ಉದ್ಯಾನ ಸೇರುತ್ತಾರೆ, ಅವರ ಚಿಕಿತ್ಸೆಯ ಗುತ್ತಿಗೆ ಯಾರ ಬಳಿ ಇದೆ ಎಂಬ ಪ್ರಶ್ನೆಗಳು ಸುರಕ್ಷತಾ ಸಮಿತಿಯ ವ್ಯಾಪ್ತಿಯ ಹೊರಗೇ ಉಳಿದವು.

2025ರ ನವೆಂಬರ್ ಚುನಾವಣೆಯಲ್ಲಿ ಹ್ಯಾರೆಲ್ ಅವರನ್ನು ಸೋಲಿಸಿ ಕೇಟಿ ವಿಲ್ಸನ್ ಮೇಯರ್ ಆಗಿದ್ದಾರೆ. 2026ರ ವಿಶ್ವಕಪ್ ಫುಟ್‌ಬಾಲಿನ ಆರು ಪಂದ್ಯಗಳನ್ನೂ ಈ ನಗರ ತನ್ನ ಪಾಲಿಗೆ ಪಡೆದಿದೆ. ಅತಿಥಿಗಳು ಬರುವ ಮುನ್ನ ಅಂಗಳ ಗುಡಿಸುವ ಆತುರ ಎಲ್ಲ ಊರುಗಳಿಗೂ ಇರುವಂಥದೇ. ಇಂತಹ ಹೊತ್ತಿನಲ್ಲಿ ಸಮಿತಿಗಳ ಹೆಸರು ಏನೇ ಇರಲಿ, ಮೂರು ತಿಂಗಳಿಗೊಮ್ಮೆಯಾದರೂ ಉದ್ಯಾನ, ಮಾನವ ಸೇವೆ ಮತ್ತು ಪೊಲೀಸ್ ಇಲಾಖೆಗಳ ಮುಖ್ಯಸ್ಥರನ್ನು ಒಂದೇ ಮೇಜಿನ ಮುಂದೆ ಕೂರಿಸಿ, ಮೂರು ತಿಂಗಳಲ್ಲಿ ಉದ್ಯಾನಗಳಿಂದ ಎಬ್ಬಿಸಿದವರು ಎಷ್ಟು ಮಂದಿ, ಅವರಲ್ಲಿ ಎಷ್ಟು ಜನರಿಗೆ 72 ಗಂಟೆಗಳ ಸೂಚನೆ ಸಿಕ್ಕಿತು, ಎಷ್ಟು ಜನ ಅಡಚಣೆ ಎಂಬ ಪದದ ಕೆಳಗೆ ಸೂಚನೆಯಿಲ್ಲದೆ ಎದ್ದರು, ಎಷ್ಟು ಜನ 70 ದಿನಗಳೊಳಗೆ ಬಂದು ತಮ್ಮ ಗಂಟುಮೂಟೆ ಬಿಡಿಸಿಕೊಂಡರು, ಮತ್ತು ಅವರು ಈಗ ಎಲ್ಲಿ ಮಲಗುತ್ತಿದ್ದಾರೆ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಮುಂದಿನ ಬಜೆಟ್ಟಿನ ಷರತ್ತನ್ನು ಅಲ್ಲಿಂದಲೇ ಬರೆಯಲು ತೊಡಗಬಹುದು.